ಕೊಟ್ರ ವೈರ್ ಎಳೆದದ್ದು

ಬ್ಯಾಡಗಿ ಕಡೆಯ ಒಂದೂರಲ್ಲಿ ಹಾಲವ್ವ ಅಂತ ಒಬ್ಬ ತಾಯಿ. ಆಕೆಗೆ ಕೊಟ್ರ ಅಂತ ಒಬ್ಬನೇ ಮಗ. ತಾಯಿ ಸಾವ್ಕಾರರ ಗೋದಾಮಿನ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿದು ಸಂಸಾರ ನಡೆಸುತ್ತಿದ್ದಳು. ಮಗ ಮೈಯಲ್ಲಿ ಗಟ್ಟಿ. ಕೆಲಸಕ್ಕೆ ಹೇಸುವವನಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ಹಾಲವ್ವ ಹೇಳಿದಳು, "ಕೊಟ್ರಾ, ನಾ ನೀರು ತರೂತನಾ ಒಲಿ ಮ್ಯಾಲಿನ ಹಾಲು ನೋಡ್ಕೋತ ಕುಂದ್ರು."

ಬಂದು ನೋಡಿದರೆ ಹಾಲೆಲ್ಲ ಒಲೆಯ ಪಾಲು.

"ಹಾಲು ನೋಡ್ಲಿಲ್ಲೇನೋ?"

"ನೋಡಿದ್ನೆಬೇ. ಮದ್ಲು ಸುಮ್ಮನಿತ್ತು. ಆಮ್ಯಾಲ ಏರ್ತು. ಆಮ್ಯಾಲ ಹೊರಗ ಬಂತು. ಒಂದೂ ಬಿಡದಂಗ ಪೂರಾ ನೋಡೀನಿ."

ಹೋಟೆಲಿನ ಕೆಲಸಕ್ಕೆ ಸೇರಿಸಿದಳು. ಹೋಟೆಲಿನವರು "ಗಿರಾಕಿ ಬಂದ ಕೂಡ್ಲೇ ನೀರು ಹಾಕಪಾ" ಅಂದರು. ಇವನು ಗಿರಾಕಿಯ ಮೇಲೇ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದ. ಕಿರಾಣಿ ಅಂಗಡಿಯವರು ಬೇಡ ಅಂದರು, ಟೇಲರು ಬೇಡ ಅಂದರು, ಹಿಟ್ಟಿನ ಗಿರಣಿಯವರು ಕೈ ಮುಗಿದು ಬೇಡ ಅಂದರು. ಊರಲ್ಲಿ ಇನ್ನು ಉಳಿದಿದ್ದವನು ಕಂಪ್ಯೂಟರ್ ರಿಪೇರಿ ಮಾಡುವ ದಾದಾಪೀರ ಒಬ್ಬನೇ. ಹಾಲವ್ವ ಮಗನ ಕೈ ಹಿಡಿದುಕೊಂಡು ಅವನ ಅಂಗಡಿಯ ಮುಂದೆ ನಿಂತಳು.

"ದಾದಾಪೀರಣ್ಣ, ಇವನ್ನ ಇಟ್ಕೋಪಾ. ನೀನೂ ಬ್ಯಾಡ ಅಂದ್ರ ಇನ್ನ ಕೇಳಾಕ ಬಾಗಿಲಾನ ಉಳಿದಿಲ್ಲ."

"ಅವ್ವಾ, ಇದು ಕಂಪ್ಯೂಟರ್ ಕೆಲಸ. ಬುದ್ಧಿ ಬೇಕಾಗತೈತಿ."

"ಮೊನ್ನೆ ನೀನ ಅಂದಿದ್ದಿ, ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ, ಹೇಳಿದಷ್ಟ ಮಾಡತೈತಿ ಅಂತ. ನನ್ನ ಮಗಾನೂ ಹಂಗ ಅದಾನ."

ಹಾಗೆ ಅಂದಿದ್ದ ತಪ್ಪಿಗೆ ದಾದಾಪೀರ ಕೊಟ್ರನನ್ನು ಇಟ್ಟುಕೊಂಡ.

ಅದೇ ವಾರ ಗದಿಗೆಪ್ಪ ಸಾವ್ಕಾರರ ಮೆಣಸಿನಕಾಯಿ ಗೋದಾಮಿನಿಂದ ಕೆಲಸ ಬಂತು. ಗೋದಾಮಿನ ಬಾಗಿಲಲ್ಲಿ ಲಾರಿ ತೂಗುವ ಕಟ್ಟೆ. ಕಟ್ಟೆಯ ಪಕ್ಕದ ಕೋಣೆಯಲ್ಲಿ ತೂಕದ ಕಂಪ್ಯೂಟರ್. ಅದರ ಮುಂದೆ ದಿನವಿಡೀ ಕೂತು ತೂಕ ಬರೆದುಕೊಳ್ಳುವವಳು ಶಾಂತಕ್ಕ. ಚೀಲ ಇಳಿದಾಗಲೊಮ್ಮೆ ಕೆಂಪು ಧೂಳು ಏಳುತ್ತಿತ್ತು, ಶಾಂತಕ್ಕ ಕೆಮ್ಮುತ್ತಿದ್ದಳು. ಕೆಮ್ಮಿ ಕೆಮ್ಮಿ ಅವಳ ದನಿಯೇ ಹೋಗಿತ್ತು. ಇನ್ನು ಆ ಧೂಳಿನಲ್ಲಿ ಕೂತರೆ ಎದೆ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ ಅಂತ ಶಾಂತಕ್ಕ ಹೇಳಿದ್ದಳು. ಕಂಪ್ಯೂಟರನ್ನು ಅಲ್ಲಿಂದ ಎತ್ತುವ ಹಾಗಿರಲಿಲ್ಲ, ತೂಕದ ಯಂತ್ರ ಅದಕ್ಕೇ ಕಟ್ಟಿತ್ತು.

ದಾದಾಪೀರ ಒಂದು ದಾರಿ ಹುಡುಕಿದ. "ಕಂಪ್ಯೂಟರ್ ಇಲ್ಲೇ ಇರಲಿ ಸಾವ್ಕಾರ್ರ. ಎಕ್ಸ್‌ಟೆಂಡರ್ ಅಂತ ಬರತೈತಿ, ಎರಡು ಸಣ್ಣ ಡಬ್ಬಿ. ಒಂದನ್ನ ಕೆಳಗ ಕಂಪ್ಯೂಟರಿಗೆ ಹಚ್ಚೋದು. ಇನ್ನೊಂದನ್ನ ಮ್ಯಾಲಿನ ಕೋಣ್ಯಾಗ ಇಟ್ಟು ಅದಕ್ಕ ಬ್ಯಾರೆ ಪರದೆ, ಕೀಬೋರ್ಡು, ಮೌಸು ಹಚ್ಚೋದು. ಎರಡು ಡಬ್ಬಿ ನಡುವ ಒಂದು ಉದ್ದನ್ನ ವೈರು. ಅಕ್ಕಾರು ಮ್ಯಾಲ ಕುಂತು ಒತ್ತಿದ್ರ ಕೆಳಗಿನ ಕಂಪ್ಯೂಟರ್ ಕೆಲಸ ಮಾಡತೈತಿ."

ಮೇಲಿನ ಕೋಣೆಗೆ ಕಿಟಕಿ ಇತ್ತು, ಗಾಳಿ ಇತ್ತು, ಧೂಳಿರಲಿಲ್ಲ. ಮೆಟ್ಟಿಲೂ ಇರಲಿಲ್ಲ. ಕಟ್ಟಿಸುತ್ತೇನೆ, ಕಟ್ಟಿಸುತ್ತೇನೆ ಅಂತ ಸಾವ್ಕಾರರು ಹೇಳುತ್ತ ಬಂದು, ಹತ್ತಿಳಿಯುವುದಕ್ಕೆ ಒಂದು ಬಿದಿರಿನ ನಿಚ್ಚಣಿಕೆ ಒರಗಿಸಿದ್ದರು.

ದಾದಾಪೀರ ನಿಚ್ಚಣಿಕೆ ಹತ್ತಿ ಮೇಲೆ ಹೋದ. ನೆಲಕ್ಕೆ ತೂತು ಕೊರೆದು ಹೊಸ ವೈರಿನ ತುದಿಯನ್ನು ಕೆಳಕ್ಕೆ ಇಳಿಬಿಟ್ಟ. ಕೆಳಗೆ ಕೊಟ್ರ ನಿಂತಿದ್ದ.

"ಕೊಟ್ರಾ, ವೈರ್ ಎಳಿ."

ಯಾವ ವೈರು ಅಂತ ದಾದಾಪೀರ ಹೇಳಲಿಲ್ಲ. ಕೊಟ್ರ ಕೈಗೆ ಹತ್ತಿರ ಇದ್ದದ್ದನ್ನು ಹಿಡಿದ. ಅದು ಶಾಂತಕ್ಕನ ಮುಂದಿನ ಪರದೆಯ ವೈರು. ಎಳೆದ.

"ಬರಾಕತ್ತೈತೇನು?" ಮೇಲಿಂದ ದಾದಾಪೀರ ಕೇಳಿದ.

"ಬರಾಕತ್ತೈತ್ರಿ."

"ಇನ್ನಷ್ಟು ಎಳಿ."

ಇನ್ನಷ್ಟು ಎಳೆದ. ಪರದೆ ಮೇಜಿನಿಂದ ಜಾರಿ ಪಕ್ಕದ ಮೆಣಸಿನಕಾಯಿ ಚೀಲದ ಮೇಲೆ ದಪ್ಪನೆ ಬಿತ್ತು. ಕೆಂಪು ಧೂಳು ಎದ್ದು ಶಾಂತಕ್ಕ ಕಾಣದಂತಾದಳು, ಕೆಮ್ಮು ಮಾತ್ರ ಕೇಳುತ್ತಿತ್ತು.

"ಇನ್ನಷ್ಟು ಎಳಿಯೋ."

"ಇನ್ನ ಎಳಿಯಾಕ ಏನೂ ಉಳಿದಿಲ್ರಿ ಅಣ್ಣಾ. ಎಲ್ಲಾ ಬಂತು."

ದಾದಾಪೀರ ಇಳಿದು ಬಂದು ನೋಡಿ ತಲೆ ಹಿಡಿದುಕೊಂಡ. ಚೀಲದ ಮೇಲೆ ಬಿದ್ದದ್ದರಿಂದ ಪರದೆ ಉಳಿದಿತ್ತು, ಅಷ್ಟೇ ಪುಣ್ಯ. "ಲೇ, ಇವೆಲ್ಲ ಕರೆಂಟಿನ ಸಾಮಾನು. ಸುಮ್ಮನ ಕೈ ಹಾಕ್ತಿಯಲ್ಲ, ಸತ್ತೀ ಗಿತ್ತೀ. ಇನ್ನ ಮುಂದ ಈ ಕೋಣ್ಯಾಗ ಏನ ಮುಟ್ಟೋದಿದ್ರೂ ಮದ್ಲು ಮೇನ್ ಸ್ವಿಚ್ ತಗದು ಆಮ್ಯಾಲ ಮುಟ್ಟು. ತಿಳೀತೇನು?"

"ತಿಳೀತ್ರಿ. ಮದ್ಲು ಮೇನ್ ಸ್ವಿಚ್."

ಮರುದಿನ ಗೋದಾಮಿನಲ್ಲಿ ಜೋರು ಕೆಲಸ. ತೂಕದ ಕಟ್ಟೆಯ ಮೇಲೆ ಒಂದು ಲಾರಿ, ಹಿಂದೆ ಲಾರಿಯ ಸಾಲು. ಒಳಗೆ, ಕಾಯಿ ಕೆಡದಂತೆ ಇಡುವ ತಂಪಿನ ಕೋಣೆಯ ಯಂತ್ರಗಳು ಗುಂಯ್ ಅನ್ನುತ್ತಿದ್ದವು. ಶಾಂತಕ್ಕನಿಗೆ ಕೆಮ್ಮು ಒತ್ತರಿಸಿ ಬಂತು. ಬಾಗಿಲಲ್ಲಿ ನಿಂತಿದ್ದ ಕೊಟ್ರನಿಗೆ ಕೈಸನ್ನೆ ಮಾಡಿ, "ತಮ್ಮಾ, ಆ ನೀರಿನ ಚಂಬು ಇತ್ತಾಗ ಕೊಡು" ಅಂದಳು.

ಕೊಟ್ರ ಚಂಬಿನ ಕಡೆ ಕೈ ಚಾಚಿದ. ಮಾತು ನೆನಪಾಯಿತು. ಕೈ ಹಿಂದಕ್ಕೆ ತೆಗೆದ. ಓಡಿಹೋಗಿ ಮೇನ್ ಸ್ವಿಚ್ಚನ್ನು ಕೆಳಕ್ಕೆ ಜಗ್ಗಿದ.

ಕಂಪ್ಯೂಟರ್ ಕಪ್ಪಾಯಿತು. ತೂಕದ ಯಂತ್ರ ನಿಂತಿತು. ತಂಪಿನ ಕೋಣೆಯ ಗುಂಯ್ ಅನ್ನುವ ಸದ್ದು ನಿಂತಿತು. ಸಾವ್ಕಾರರ ತಲೆಯ ಮೇಲಿನ ಫ್ಯಾನೂ ನಿಂತಿತು. ಫ್ಯಾನು ನಿಂತಿದ್ದಕ್ಕೇ ಅವರು ಎದ್ದು ಬಂದದ್ದು.

"ಯಾವನಲೇ ಕರೆಂಟ್ ತಗದಾಂವ?"

ಕತ್ತಲಲ್ಲಿ ಕೊಟ್ರ ಶಾಂತಕ್ಕನಿಗೆ ಚಂಬು ಕೊಡುತ್ತಿದ್ದ. "ನಾನ್ರಿ. ಚಂಬು ಮುಟ್ಟೋದಿತ್ತು."

"ಚಂಬಿಗೆ ಕರೆಂಟ್ ಇರತೈತೇನಲೇ?"

"ಗೊತ್ತಿಲ್ರಿ. ಅದಕ್ಕ ತಗದೆ."

ಲಾರಿ ಡ್ರೈವರುಗಳು ಹಾರ್ನ್ ಹೊಡೆಯುತ್ತಿದ್ದರು. ಅಂಗಳದ ಹೆಂಗಸರು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಅವರ ನಡುವೆ ಹಾಲವ್ವ ಮಾತ್ರ ತಲೆ ಎತ್ತದೆ ತೊಟ್ಟು ಮುರಿಯುತ್ತಿದ್ದಳು. ಸಾವ್ಕಾರರು ದಾದಾಪೀರನಿಗೆ ಬೈದರು, ದಾದಾಪೀರ ಕೊಟ್ರನಿಗೆ ಬೈದ. "ನಿನ್ನ ಬುದ್ಧಿಗೆ ಹೊಳದಂಗ ಮಾಡಬ್ಯಾಡೋ ಮಾರಾಯಾ. ಏನ ಮಾಡೋದಿದ್ರೂ ಮದ್ಲು ಕೇಳು. ಕೇಳಿದ ಮ್ಯಾಲ ಮಾಡು."

"ಹೂಂನ್ರಿ. ಮದ್ಲು ಕೇಳೋದು."

ಮರುದಿನ ದಾದಾಪೀರ ಅವನ ಕೈಗೆ ಸುತ್ತಿಗೆ ಕೊಟ್ಟು, ವೈರನ್ನು ಗೋಡೆಗುಂಟ ಒಯ್ದು ಕ್ಲಿಪ್ಪು ಹೊಡೆಯಲು ಹೇಳಿ ಅಂಗಡಿಗೆ ಹೋದ. ಊಟದ ಹೊತ್ತಿಗೆ ಬಂದರೆ ಒಂದು ಕ್ಲಿಪ್ಪೂ ಬಿದ್ದಿಲ್ಲ. ಕೊಟ್ರ ಗೋಡೆಗೆ ಕಿವಿ ಹಚ್ಚಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದಾನೆ.

"ಏನ ಮಾಡಾಕತ್ತೀದಿ?"

"ಶ್ಶ್. ಕೇಳಾಕತ್ತೀನ್ರಿ."

"ಏನು ಕೇಳಾಕತ್ತೀದಿ?"

"ನೀವ ಹೇಳಿದ್ರೆಲ್ಲ, ಮದ್ಲು ಕೇಳು, ಕೇಳಿದ ಮ್ಯಾಲ ಮಾಡು ಅಂತ. ಮುಂಜಾನಿಂದ ನಿಂತೀನಿ. ಗ್ವಾಡಿ ಇನ್ನೂ ಏನೂ ಅಂದಿಲ್ರಿ."

ದಾದಾಪೀರನಿಗೂ ಒಂದು ಕ್ಷಣ ಗೋಡೆಗೆ ಹಣೆ ಹಚ್ಚೋಣ ಅನ್ನಿಸಿತು. "ಕೇಳೋದು ಅಂದ್ರ ಕಿವೀಲೆ ಅಲ್ಲೋ ಹುಚ್ಚಪ್ಪ. ಬಾಯಿ ಬಿಟ್ಟು ಕೇಳಬೇಕು, ಬಾಯಿ ಬಿಟ್ಟು. ಮಂದಿ ಇರೋ ಕಡೆ ಹೋಗಿ ಬಾಯಿ ಬಿಟ್ಟು ಕೇಳು."

ಮಂದಿ ಇದ್ದದ್ದು ಅಂಗಳದಲ್ಲಿ. ಹಮಾಲರು ಲಾರಿಯಿಂದ ಚೀಲ ಎಸೆಯುತ್ತಿದ್ದರು. ಹೆಂಗಸರು ಒಣಗಿದ ಕಾಯಿಯ ರಾಶಿಯನ್ನು ಕೈಯಿಂದ ತಿರುವಿ ಹಾಕುತ್ತಿದ್ದರು. ಕೊಟ್ರ ಅಲ್ಲಿ ಹೋಗಿ ಎರಡೂ ಕಾಲು ಗಟ್ಟಿಯಾಗಿ ಊರಿ, ಎಷ್ಟು ಅಗಲ ಆಗುತ್ತದೋ ಅಷ್ಟು ಅಗಲ ಬಾಯಿ ತೆರೆದು ನಿಂತ. ಮಾತಿಲ್ಲ ಕತೆಯಿಲ್ಲ, ಬರಿಯ ಬಾಯಿ.

"ಏನಾತೋ ಇದಕ್ಕ?" ಅಂದ ಒಬ್ಬ ಹಮಾಲ.

"ಹಲ್ಲು ಬ್ಯಾನಿ ಇರಬೇಕು," ಅಂದಳು ಒಬ್ಬ ಮುದುಕಿ.

ಅಷ್ಟರಲ್ಲಿ ಒಂದು ಚೀಲದ ಬಾಯಿ ಬಿಚ್ಚಿತು. ಗಾಳಿ ಇವನ ಕಡೆಗೇ ಬೀಸಿತು. ಮುಂದಿನದನ್ನು ಹೇಳುವುದು ಬೇಡ. ಕೊಟ್ರ ಅಂಗಳದ ತುಂಬ ಕುಣಿದ, ನೀರಿನ ತೊಟ್ಟಿಯೊಳಗೆ ಮುಖ ಅದ್ದಿದ, ಎದ್ದು ಮತ್ತೆ ಕುಣಿದ. ಅವನು ಅಷ್ಟು ಜೋರಾಗಿ ಅತ್ತದ್ದನ್ನು ಹಾಲವ್ವ ಅವನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿರಲಿಲ್ಲ. ಓಡಿಬಂದು ಮಗನ ಮುಖ ತೊಳೆದಳು, ಮಜ್ಜಿಗೆ ಕುಡಿಸಿದಳು. ತೊಡೆಯ ಮೇಲೆ ಅವನ ತಲೆ ಇಟ್ಟುಕೊಂಡು ಬೈದಳು.

"ನಿನ್ನ ಹಡದ ಹೊಟ್ಟಿಗೆ ಏನು ಹೇಳ್ಲೋ ಕೊಟ್ರಾ. ಘಾಟಿನ ಜಾಗಾದಾಗ ಬಾಯಿ ತಗೀತಾರೇನೋ ಯಾರರ? ತೂತು ಅಂತ ಇದ್ದದ್ದನ್ನೆಲ್ಲಾ ಮುಚ್ಚಬೇಕು. ಧೂಳು ಒಳಗ ಹೋಗಬಾರ್ದು. ತಗೋ, ಈ ಅರಳಿ ಕಿಸೇದಾಗ ಇಟ್ಕೋ. ಮೂಗಿಗೆ, ಕಿವಿಗೆ ಇಟ್ಕೊಂಡು ಕೆಲಸ ಮಾಡು."

ಮಗ ಕಣ್ಣು ಒರೆಸಿಕೊಂಡು ಅರಳೆಯನ್ನು ಕಿಸೆಗೆ ಹಾಕಿಕೊಂಡ. ತೂತು ಅಂತ ಇದ್ದದ್ದನ್ನೆಲ್ಲಾ. ಧೂಳು ಒಳಗ ಹೋಗಬಾರ್ದು.

ಮರುದಿನ ದಾದಾಪೀರ ಎಕ್ಸ್‌ಟೆಂಡರಿನ ಡಬ್ಬಿಗಳನ್ನು ಮೇಜಿನ ಮೇಲೆ ಇಟ್ಟು ಚಹಾ ಕುಡಿಯಲು ಹೋದ. ಕೊಟ್ರ ಡಬ್ಬಿ ತಿರುಗಿಸಿ ನೋಡಿದ. ಹಿಂದೆ ಸಾಲಾಗಿ ತೂತು. ಪರದೆಯ ವೈರು ಹೋಗುವ ತೂತು, ಕೀಬೋರ್ಡಿನ ತೂತು, ಮೌಸಿನ ತೂತು, ಉದ್ದ ವೈರಿನ ತೂತು. ಪಾಪ, ಬಾಯಿ ತೆರೆದುಕೊಂಡು ಕೂತಿವೆ ಅನ್ನಿಸಿತು. ನಿನ್ನೆಯ ಉರಿ ಅವನ ಗಂಟಲಲ್ಲಿ ಇನ್ನೂ ಇತ್ತು. ಒಂದೊಂದಕ್ಕೂ ಅರಳೆ ಇಟ್ಟು, ಕಡ್ಡಿಯಿಂದ ಒತ್ತಿ ಒತ್ತಿ ತುಂಬಿದ. ಕಂಪ್ಯೂಟರಿನ ಹಿಂದೆಯೂ ತೂತು ಇದ್ದವು. ಅವಕ್ಕೂ ತುಂಬಿದ. ಅರಳೆ ಸಾಲದೆ ಹೋದಾಗ ತನ್ನ ಮೂಗಿನದ್ದನ್ನು ತೆಗೆದು ಕೊಟ್ಟ.

ದಾದಾಪೀರ ಬಂದು ವೈರಿನ ಪಿನ್ನು ಒತ್ತಿದ, ಹೋಗಲಿಲ್ಲ. ತಿರುಗಿಸಿ ಒತ್ತಿದ, ಹೋಗಲಿಲ್ಲ. ಬಗ್ಗಿ ನೋಡಿದ. ಶಾಂತಕ್ಕ ತನ್ನ ತಲೆಯಿಂದ ಒಂದು ಪಿನ್ನು ತೆಗೆದು ಕೊಟ್ಟಳು. ಇಬ್ಬರೂ ಸೇರಿ ಒಂದೊಂದೇ ಎಳೆ ಅರಳೆ ಕಿತ್ತರು. ಕೊಟ್ರ ಪಕ್ಕದಲ್ಲೇ ಕೂತು, "ಹುಷಾರ್ರಿ, ಧೂಳು ಹೋದಾತು" ಅನ್ನುತ್ತಿದ್ದ.

ಅಂದು ಶುಕ್ರವಾರ. ದಾದಾಪೀರ ತಾನೇ ಕೂತು ಎಲ್ಲ ಜೋಡಿಸಿದ. ಕೆಳಗಿನ ಡಬ್ಬಿ ಕಂಪ್ಯೂಟರಿಗೆ, ಮೇಲಿನ ಡಬ್ಬಿ ಹೊಸ ಪರದೆಗೆ, ಕೀಬೋರ್ಡಿಗೆ, ಮೌಸಿಗೆ. ಎರಡರಲ್ಲೂ ಹಸಿರು ದೀಪ ಹತ್ತಿತು. ನಮಾಜಿನ ಹೊತ್ತಾಗಿತ್ತು. ಹೊರಡುವ ಮುಂಚೆ ಅವನು ಕೊಟ್ರನನ್ನು ಕೆಳಗಿನ ಕಂಪ್ಯೂಟರಿನ ಮುಂದೆ ಕೂರಿಸಿ ಬೆರಳು ಎತ್ತಿ ಹೇಳಿದ:

"ಇನ್ನ ನೀ ಏನೂ ಮಾಡಬ್ಯಾಡ. ಇಲ್ಲೇ ಕಾವಲು ಕುಂದ್ರು. ಈ ಕಂಪ್ಯೂಟರಿಗೆ ಯಾರೂ ಕೈ ಹಚ್ಚಬಾರ್ದು. ಯಾರರ ಕೈ ಹಚ್ಚಿದ್ರ, ನಾ ಬರೂತನಾ ಅವರನ್ನ ಬಿಡಬ್ಯಾಡ."

ಕೊಟ್ರ ಕಣ್ಣು ಮಿಟುಕಿಸದೆ ಕೂತ. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಬಾಣ ಅಲ್ಲಾಡಿತು. ಮೇಜಿನ ಮೇಲಿನ ಮೌಸು ಮಾತ್ರ ಇದ್ದಲ್ಲೇ ಇತ್ತು. ಬಾಣ ಅತ್ತ ಹೋಯಿತು, ಇತ್ತ ಬಂತು. ಆಮೇಲೆ ತನ್ನಷ್ಟಕ್ಕೆ ಅಕ್ಷರಗಳು ಬೀಳತೊಡಗಿದವು. ಕೊಟ್ರ ಮೇಜಿನ ಕೆಳಗೆ ನೋಡಿದ, ಯಾರೂ ಇಲ್ಲ. ಪರದೆಯ ಹಿಂದೆ ನೋಡಿದ, ಯಾರೂ ಇಲ್ಲ. ಯಾರೋ ಕೈ ಹಚ್ಚಿರುವುದಂತೂ ಖರೆ. ಡಬ್ಬಿಯಿಂದ ಹೊರಟ ವೈರನ್ನು ಹಿಡಿದು ನೋಡುತ್ತ ಹೋದ. ಅದು ಗೋಡೆ ಹತ್ತಿತು. ಇವನು ನಿಚ್ಚಣಿಕೆ ಹತ್ತಿದ.

ಮೇಲಿನ ಕೋಣೆಯಲ್ಲಿ ಗದಿಗೆಪ್ಪ ಸಾವ್ಕಾರರು ಮೌಸಿನ ಮೇಲೆ ಕೈ ಇಟ್ಟುಕೊಂಡು, ಹೊಸ ಆಟಿಕೆ ಸಿಕ್ಕವರ ಹಾಗೆ ಕೂತಿದ್ದರು. ಕೊಟ್ರ ಆ ಕೈಯ ಮಣಿಕಟ್ಟನ್ನು ಗಪ್ಪನೆ ಹಿಡಿದ.

"ಏನಲೇ ಇದು? ಬಿಡು."

"ಬಿಡಂಗಿಲ್ರಿ. ದಾದಾಪೀರಣ್ಣ ಬರೂತನಾ ಬಿಡಬ್ಯಾಡ ಅಂದಾರ."

"ಇದು ನನ್ನ ಗೋದಾಮು. ನನ್ನ ಕಂಪ್ಯೂಟರು."

"ಹೌದ್ರಿ. ಕೈನೂ ನಿಮ್ಮದ ಐತ್ರಿ. ಅದನ್ನ ಹಿಡದೀನಿ."

ಸಾವ್ಕಾರರು ಜಗ್ಗಿದರು, ಕೊಟ್ರ ಗಟ್ಟಿಮುಟ್ಟು ಆಳು. ಬೈದರು, ಅವನಿಗೆ ಬೈಗುಳ ಹೊಸದಲ್ಲ. ಮನೆಯಿಂದ ಊಟದ ಡಬ್ಬಿ ಬಂತು. ಬಲಗೈ ಕೊಟ್ರನ ಹತ್ತಿರ ಇತ್ತು. ಎಡಗೈಯಲ್ಲಿ ರೊಟ್ಟಿ ಮುರಿಯಲು ಸಾವ್ಕಾರರಿಗೆ ಮನಸ್ಸು ಬರಲಿಲ್ಲ. ಕೊನೆಗೆ ಕೊಟ್ರನೇ ತನ್ನ ಇನ್ನೊಂದು ಕೈಯಿಂದ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿ, ತುತ್ತು ಮಾಡಿ ಅವರ ಬಾಯಿಗೆ ಇಟ್ಟ. ಹಸಿವು ದೊಡ್ಡದು. ಸಾವ್ಕಾರರು ಉಂಡರು. ಊಟದ ಡಬ್ಬಿ ಹಿಡಿದು ಮೇಲೆ ಬಂದಿದ್ದ ಶಾಂತಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಿಂತಳು.

ನಮಾಜು ಮುಗಿಸಿ ಬಂದ ದಾದಾಪೀರ ಆ ನೋಟ ನೋಡಿ ಮೊದಲು ಮಾಡಿದ್ದು ಕೈ ಬಿಡಿಸಿದ್ದು. ಆಮೇಲೆ ಸಾವ್ಕಾರರ ಮುಂದೆ ಬಗ್ಗಿ ನಿಂತ.

"ನಾಳಿಂದ ಇವನು ಈ ಅಂಗಳದಾಗ ಕಾಲಿಡಬಾರ್ದು," ಅಂದರು ಸಾವ್ಕಾರರು, ಮಣಿಕಟ್ಟು ತಿಕ್ಕಿಕೊಳ್ಳುತ್ತ. "ಅಷ್ಟ ಅಲ್ಲ, ಇವನ ತಾಯೀನೂ ಬರೋದು ಬ್ಯಾಡ."

ಅಂಗಳದಲ್ಲಿ ಕಿಟಕಿಯ ಕೆಳಗೇ ಕೂತಿದ್ದ ಹಾಲವ್ವನ ಕೈಯಲ್ಲಿನ ಕಾಯಿ ಹಾಗೇ ನಿಂತಿತು.

ಆಗ ಶಾಂತಕ್ಕ ಬಂದು ಹೊಸ ಕೀಬೋರ್ಡಿನ ಮುಂದೆ ಕೂತಳು. ಕೆಳಗೆ ಕಟ್ಟೆಯ ಮೇಲೆ ನಿಂತಿದ್ದ ಲಾರಿಯ ತೂಕ ಇಲ್ಲಿ, ಪರದೆಯ ಮೇಲೆ, ಸ್ಪಷ್ಟವಾಗಿ ಬಂತು. ಕಿಟಕಿಯಿಂದ ಗಾಳಿ ಬರುತ್ತಿತ್ತು. "ಹೋಗ್ಲಿ ಬಿಡ್ರಿ ಸಾವ್ಕಾರ್ರ. ಸಿಕ್ಕವರು ನೀವ ಆಗಿದ್ದಕ್ಕ ನಿಮಗ ಸಿಟ್ಟು ಬಂದೈತಿ. ಕಳ್ಳ ಆಗಿದ್ರ ಇವನ್ನ ಎಷ್ಟು ಹೊಗಳ್ತಿದ್ರಿ. ಅವ ಕಾವಲು ಚಲೋ ಕಾದಾನ," ಅಂದಳು.

ಅಷ್ಟು ಉದ್ದದ ಮಾತನ್ನು ಅವಳು ಒಮ್ಮೆಯೂ ಕೆಮ್ಮದೆ ಹೇಳಿದ್ದಳು. ಅದು ಅಲ್ಲಿದ್ದವರಿಗೆಲ್ಲ ಒಟ್ಟಿಗೇ ತಿಳಿಯಿತು. ಸಾವ್ಕಾರರು ಮಣಿಕಟ್ಟು ತಿಕ್ಕುವುದನ್ನು ಬಿಟ್ಟರು. "ಆತು. ಇವತ್ತೊಂದಿನ ಯಾವ ಯಡವಟ್ಟೂ ಇಲ್ಲದಂಗ ಕೆಲಸ ಮುಗಿಸಿದ್ರ ತಾಯಿ-ಮಗ ಇಬ್ಬರೂ ಇರಲಿ," ಅಂದರು.

ದಾದಾಪೀರ ಕೊಟ್ರನನ್ನು ಪಕ್ಕಕ್ಕೆ ಕರೆದು, ಸಿಟ್ಟು ನುಂಗಿಕೊಂಡು, ಸಣ್ಣ ದನಿಯಲ್ಲಿ ತಿಳಿಸಿ ಹೇಳಿದ. "ನೋಡಪಾ. ಇನ್ನ ಮ್ಯಾಲ ಎಲ್ಲಾ ಕೆಲಸ ಈ ಕೋಣ್ಯಾಗಿಂದಾನ ಆಗತೈತಿ. ತೂಕ ನೋಡೋದು, ಬರಿಯೋದು, ಎಲ್ಲಾ. ಯಾರೂ ಕೆಳಗಿಳಿಯೋ ಜರೂರಾನ ಇಲ್ಲ. ತಿಳೀತೇನು?"

"ತಿಳೀತ್ರಿ. ಯಾರೂ ಕೆಳಗಿಳಿಯೋದಿಲ್ಲ."

"ಶಾಣ್ಯಾ. ಈಗ ಕೆಳಗ ಹೋಗಿ, ಜರೂರಿಲ್ಲದ ಸಾಮಾನೆಲ್ಲ ತಗದು ಹೊರಗ ಹಾಕು. ಖಾಲಿ ರಟ್ಟಿನ ಖೋಕಾ, ಹಳೇ ವೈರು, ಮುರದ ಕುರ್ಚಿ, ಏನೇನು ಬ್ಯಾಡೋ ಎಲ್ಲಾ."

"ಹೊರಗ ಅಂದ್ರ ಎಲ್ಲಿ ಹಾಕ್ಲ್ರಿ?"

ಈ ಸಲ ಕೇಳಿಯೇ ಮಾಡುತ್ತಿದ್ದಾನಲ್ಲ ಅಂತ ದಾದಾಪೀರನಿಗೆ ಸಮಾಧಾನವಾಯಿತು. "ಎಲ್ಲಿರ ಹಾಕು ಮಾರಾಯಾ. ಊರ ಹೊರಗ ಹೋದ್ರೂ ನಡೀತೈತಿ," ಅಂದ.

ಕೊಟ್ರ ಕೆಳಗಿಳಿದ. ಕಟ್ಟೆಯ ಪಕ್ಕದಲ್ಲಿ ಕಾಯಿಯ ಚೀಲ ತುಂಬಿಕೊಂಡ ಒಂದು ಲಾರಿ ತೂಕಕ್ಕೆ ಕಾದಿತ್ತು. "ಅಣ್ಣಾ, ಊರ ಹೊರಗ ಹೊಂಟೀಯೇನು?" ಅಂತ ಡ್ರೈವರನ್ನು ಕೇಳಿದ. "ಗುಂಟೂರಿಗೆ" ಅಂದ ಅವನು. ಅಷ್ಟು ಹೊರಗಾದರೆ ಸಾಕು ಅನ್ನಿಸಿತು ಕೊಟ್ರನಿಗೆ. ಖಾಲಿ ಖೋಕಾ ತಂದು ಲಾರಿಯ ಮೇಲೆ ಎಸೆದ. ಹಳೆಯ ವೈರು ಎಸೆದ. ಮುರಿದ ಕುರ್ಚಿ ಎಸೆದ. ಕೋಣೆ ಗುಡಿಸಿದ. ಇನ್ನೇನು ಜರೂರಿಲ್ಲದ್ದು ಉಳಿದಿದೆ ಅಂತ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದ.

ಅಂಗಳದಿಂದ ಹಾಲವ್ವ ನೋಡುತ್ತಿದ್ದಳು. ಮಗ ಬೆವರು ಸುರಿಸಿ ಹೊರುತ್ತಿದ್ದ, ಯಾರೂ ಬೈಯುತ್ತಿರಲಿಲ್ಲ. ಆಕೆ ಪಕ್ಕದವಳಿಗೆ ಮೊಣಕೈಯಿಂದ ತಿವಿದು, "ನೋಡು, ನನ್ನ ಮಗಾ," ಅಂದಳು. ಕೊಟ್ರ ಉದ್ದದ್ದೇನನ್ನೋ ಹೆಗಲ ಮೇಲೆ ಹೊತ್ತುಕೊಂಡು ಬಂದು, ಲಾರಿಯ ಮೇಲಕ್ಕೆ ಎತ್ತಲು ಒದ್ದಾಡುತ್ತಿದ್ದ. ಎದುರು ಬಿಸಿಲು, ಏನು ಅಂತ ಆಕೆಗೆ ಕಾಣಲಿಲ್ಲ. ಓಡಿಹೋಗಿ ಇನ್ನೊಂದು ತುದಿಗೆ ಕೈ ಕೊಟ್ಟಳು.

ಲಾರಿ ಕಟ್ಟೆಯ ಮೇಲೆ ಬಂತು. ಮೇಲಿನ ಕೋಣೆಯಲ್ಲಿ ಮೂವರೂ ಪರದೆ ನೋಡಿದರು.

"ಲೆಕ್ಕಕ್ಕಿಂತ ಒಂಚೂರು ಹೆಚ್ಚು ತೂಗತೈತ್ರಿ," ಅಂದಳು ಶಾಂತಕ್ಕ.

"ನಮ್ಮ ಕಾಯಿ ಅಂದ್ರ ಹಂಗ. ತೂಕ ಕೊಡತಾವು," ಅಂದರು ಸಾವ್ಕಾರರು. "ಬರಕೋ. ಸರಿ ಐತಿ."

ಅವರೇ ಕಿಟಕಿಯಿಂದ ಕೈಬೀಸಿ ಲಾರಿಗೆ ಹೋಗು ಅಂದರು. ಲಾರಿ ಹೊರಟಿತು. ಎದ್ದ ಧೂಳು ಕೆಳಗೇ ಉಳಿಯಿತು, ಮೇಲೆ ಯಾರೂ ಕೆಮ್ಮಲಿಲ್ಲ. ದಾದಾಪೀರ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ.

ಕೊಟ್ರ ಕೈ ಒರೆಸಿಕೊಳ್ಳುತ್ತ ತಾಯಿಯ ಹತ್ತಿರ ಬಂದು ಕೂತ. "ಯವ್ವಾ, ಕೆಲಸ ಮುಗೀತು. ಇವತ್ತ ಕಡೀಗೆ ಯಾರೂ ಬೈಲಿಲ್ಲ ನೋಡು."

ಹಾಲವ್ವ ಅವನ ತಲೆ ಸವರಿದಳು. ಸವರುತ್ತಲೇ ಮೇಲೆ ನೋಡಿದಳು. ಕೋಣೆಯ ಬಾಗಿಲಿಂದ ಸಾವ್ಕಾರರ ಒಂದು ಕಾಲು ಹೊರಗೆ ಬಂದು, ಬರಿಯ ಗಾಳಿಯಲ್ಲಿ ಅತ್ತ ಇತ್ತ ಆಡುತ್ತ ನಿಚ್ಚಣಿಕೆಯನ್ನು ಹುಡುಕುತ್ತಿತ್ತು.